ಮಗಳು ಬರುವ ದಿನ

ಚಳ್ಳಕೆರೆಯಲ್ಲಿ ನಿವೃತ್ತರಾಗಿ ನೆಲೆಸಿದ ಅಪ್ಪ-ಅಮ್ಮಂದಿರೇ, ಬೆಂಗಳೂರಿನಿಂದ ಮಗಳು ಬರುತ್ತಾಳೆಂದು ಬೆಳಗಿನಿಂದ ಒಲೆ ಮುಂದೆ ನಿಲ್ಲಬೇಡಿ. ಒಬ್ಬಟ್ಟನ್ನು ಹಿಂದಿನ ದಿನವೇ ಮಾಡಿಡಿ, ಮರುದಿನಕ್ಕೆ ರುಚಿ ಇನ್ನೂ ಜಾಸ್ತಿ. ಸಂಜೆಗೆ ಮಂಡಕ್ಕಿ-ಮೆಣಸಿನಕಾಯಿ ಪೇಟೆಯಿಂದಲೇ ಬರಲಿ. ಅವಳಿಗೂ ಅದೇ ಬೇಕಿರುತ್ತದೆ. ರಾತ್ರಿ ಬಸ್ಸಿನಲ್ಲಿ ಬಂದವಳು ಸ್ವಲ್ಪ ಮಲಗಲಿ. ಮಂಡಿನೋವು, ಬಿಪಿ, ನೆಂಟರ ಜಗಳ ಮೊದಲ ಕಾಫಿಗೇ ಬೇಡ.

ಹೊರಗೆ ಹೋಗುವುದಾದರೆ ಮೊಳಕಾಲ್ಮೂರು ಕಡೆ, ಬಿಸಿಲೇರುವ ಮೊದಲೇ. ರೇಷ್ಮೆ ಸೀರೆಯಂಗಡಿಗೆ ನುಗ್ಗುವ ಮುನ್ನ ಮಗ್ಗ ತೋರಿಸಿ. ಸೀರೆ ಆರಿಸುವುದನ್ನು ಅವಳಿಗೇ ಬಿಡಿ. ಅದೇ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರದಲ್ಲಿ ಅಶೋಕನ ಶಾಸನಗಳಿವೆ, 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದವು. ತಂದೆ-ತಾಯಿಯ ಮಾತು ಕೇಳಬೇಕೆಂದು ಬಂಡೆಯ ಮೇಲೇ ಕೊರೆದಿದೆ. ಅದನ್ನು ಮಗಳಿಗೆ ಒತ್ತಿ ಹೇಳುವ ಆಸೆಯಾಗುತ್ತದೆ, ತಡೆದುಕೊಳ್ಳಿ.