ಮೊದಲ ಸಲ ನಾಯಿಮರಿ ತಂದವರಿಗೆ ಕಿವಿಮಾತು

ದಾವಣಗೆರೆಯ ಎಂಸಿಸಿ ಬ್ಲಾಕ್ ಇರಲಿ, ನಿಟುವಳ್ಳಿ ಇರಲಿ, ಇತ್ತ ಹರಿಹರದ ಅಮರಾವತಿ ಕಾಲೊನಿ ಇರಲಿ, ಈಗ ಯಾವ ಓಣಿಗೆ ಹೋದರೂ ಗೇಟಿನೊಳಗೆ ಒಂದು ಮರಿ ಕುಂಯ್ಗುಡುತ್ತಿರುತ್ತದೆ. ಸಂತೋಷದ ವಿಷಯ. ಆದರೆ ಮರಿ ತಂದವರೆಲ್ಲ ಮೊದಲು ಕೇಳುವುದು ಏನು ತಿನ್ನಿಸಬೇಕು ಅಂತ. ಏನನ್ನು ನೋಡಬೇಕು ಅಂತ ಕೇಳುವವರು ಕಡಿಮೆ. ನಾಯಿ ಸಾಕುವುದರಲ್ಲಿ ಮುಕ್ಕಾಲು ಪಾಲು ನೋಡುವ ಕೆಲಸವೇ ಇದೆ, ಮಕ್ಕಳೇ. ಈ ವಯಸ್ಸಿನವರೆಗೆ ನಾಯಿಗಳ ಜೊತೆಯಲ್ಲೇ ಬಾಳಿದವಳು ನಾನು. ತಿಳಿದದ್ದನ್ನು ಹೇಳುತ್ತೇನೆ.

• ಎಂಟು ವಾರ ತುಂಬದ ಮರಿಯನ್ನು ತಾಯಿಯಿಂದ ಬಿಡಿಸಿ ತರಬೇಡಿ. ಎಷ್ಟು ಜೋರಾಗಿ ಕಚ್ಚಿದರೆ ಎದುರಿನವರಿಗೆ ನೋವಾಗುತ್ತದೆ ಅನ್ನುವುದನ್ನು ಅದು ಒಡಹುಟ್ಟಿದ ಮರಿಗಳ ಜೊತೆ ಜಗಳಾಡುತ್ತಲೇ ಕಲಿಯಬೇಕು. ಮೂರರಿಂದ ಹದಿನಾಲ್ಕು ವಾರದ ಒಳಗೆ ಕಂಡು ಕೇಳಿದ್ದಕ್ಕೆ ಮುಂದೆ ಅದು ಅಷ್ಟಾಗಿ ಹೆದರುವುದಿಲ್ಲ. ಆಟೋ, ಕುಕ್ಕರ್ ಸೀಟಿ, ಅಜ್ಜನ ಊರುಗೋಲು, ಹೆಲ್ಮೆಟ್ ಹಾಕಿದವರು, ಚಿಕ್ಕ ಮಕ್ಕಳು, ಎಲ್ಲವನ್ನೂ ಆಗಲೇ ಪರಿಚಯ ಮಾಡಿಸಿ. ಲಸಿಕೆ ಮುಗಿಯುವವರೆಗೆ ಮಾತ್ರ ರಸ್ತೆಯಲ್ಲಿ ಇಳಿಸದೆ ಎತ್ತಿಕೊಂಡೇ ತಿರುಗಾಡಿಸಿ.

• ಬಾಲ ಆಡಿಸಿದ ಮಾತ್ರಕ್ಕೆ ಖುಷಿಯಾಗಿದೆ ಅಂದುಕೊಳ್ಳಬೇಡಿ. ಮೈಯೆಲ್ಲ ಸಡಿಲವಾಗಿ, ಸೊಂಟ ಸಮೇತ ಬಾಲ ಬೀಸಿದರೆ ಅದು ಪ್ರೀತಿ. ಮೈ ಸೆಟೆದು, ಬಾಲ ಮೇಲೆತ್ತಿ ಬಿರುಸಾಗಿ ಅಲ್ಲಾಡಿಸಿದರೆ ದೂರ ಸರಿಯಿರಿ. ನಿದ್ದೆಯಿಲ್ಲದ ಹೊತ್ತಲ್ಲಿ ಆಕಳಿಸುವುದು, ತಿಂಡಿ ಕಾಣದಿದ್ದರೂ ತುಟಿ ಸವರಿಕೊಳ್ಳುವುದು, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ವಾರೆಯಾಗಿ ನೋಡುವುದು, ಇವೆಲ್ಲ "ನನಗೆ ಸಾಕಾಗಿದೆ" ಅನ್ನುವ ಸೂಚನೆ. ಮಕ್ಕಳು ಕುತ್ತಿಗೆ ತಬ್ಬಿಕೊಂಡು ಫೋಟೊ ತೆಗೆಸಿಕೊಳ್ಳುವಾಗ ನಾಯಿಯ ಮುಖ ಒಮ್ಮೆ ನೋಡಿ, ಇದರಲ್ಲಿ ಎರಡಾದರೂ ಕಾಣುತ್ತವೆ. ಇನ್ನು ಗುರ್ ಅಂದರೆ ಹೊಡೆಯಬೇಡಿ. ಗುರ್ ಅನ್ನುವುದು ಅದು ಕೊಡುವ ಎಚ್ಚರಿಕೆ. ಹೊಡೆದು ಅದನ್ನು ಬಿಡಿಸಿದರೆ ಮುಂದಿನ ಸಲ ನಾಯಿ ಎಚ್ಚರಿಸದೆ ನೇರ ಬಾಯಿ ಹಾಕುತ್ತದೆ. ಉಣ್ಣುವ, ಮಲಗಿದ, ಮರಿ ಹಾಕಿದ ನಾಯಿಯ ಹತ್ತಿರ ಮಕ್ಕಳನ್ನು ಬಿಡಲೇಬೇಡಿ.

• ವಾಕಿಂಗ್ ಹೋದಾಗ ಕಂಬ ಕಂಬಕ್ಕೂ ನಿಂತು ಮೂಸುತ್ತದೆ ಅಂತ ಎಳೆದಾಡಬೇಡಿ. ನಮ್ಮ ಜಿಲ್ಲೆಯ ಪೊಲೀಸ್ ಶ್ವಾನದಳದ ತುಂಗಾ ನೆನಪಿದೆಯಲ್ಲ? ಆ ಡಾಬರ್‌ಮನ್ 2020ರ ಜುಲೈನಲ್ಲಿ ಕೊಲೆ ನಡೆದ ಜಾಗದಲ್ಲಿ ವಾಸನೆ ಹಿಡಿದು ಸುಮಾರು 12 ಕಿ.ಮೀ. ಓಡಿ ಆರೋಪಿಯ ಸುಳಿವು ಕೊಟ್ಟಿತ್ತು. 2024ರಲ್ಲಿ ಅದೇ ದಳದ ಇನ್ನೊಂದು ನಾಯಿ ತುಂಗಾ-2 ಸಂತೇಬೆನ್ನೂರು ಕಡೆ ರಾತ್ರಿ ಮಳೆಯಲ್ಲೇ ಓಡಿ ಒಬ್ಬ ಹೆಣ್ಣುಮಗಳ ಜೀವ ಉಳಿಸಿತು. ಅದೇ ಮೂಗು ನಿಮ್ಮ ಮನೆಯ ಮರಿಗೂ ಇದೆ. ಇಡೀ ದಿನ ಗೇಟಿಗೆ ಕಟ್ಟಿಹಾಕಿ ಅದಕ್ಕೆ ಕೆಲಸವೇ ಇಲ್ಲದಂತೆ ಮಾಡಿದರೆ ಬೊಗಳುತ್ತದೆ, ಚಪ್ಪಲಿ ಕಡಿಯುತ್ತದೆ. ದಿನಕ್ಕೆ ಅರ್ಧ ಗಂಟೆ ಮನಸ್ಸಿಗೆ ಬಂದಷ್ಟು ಮೂಸಲು ಬಿಡಿ, ಎಷ್ಟೋ ಹಟ ತಾನಾಗಿ ಇಳಿಯುತ್ತದೆ.

• ಈಗ ಊಟ. ಇಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಬೆಣ್ಣೆ ದೋಸೆಯ ಊರಿನವರು ನಾವು, ಪಾರ್ಸಲ್ ಬಿಚ್ಚಿದ ಕೂಡಲೇ ನಾಯಿಗೂ ಒಂದು ತುಂಡು ಎಸೆಯುತ್ತೇವೆ. ಅಷ್ಟು ಬೆಣ್ಣೆ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ನಾಯಿಯ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಬೆನ್ನು ಬಾಗಿಸಿ, ಹೊಟ್ಟೆ ಮುಟ್ಟಲು ಬಿಡದೆ, ಮತ್ತೆ ಮತ್ತೆ ವಾಂತಿ ಮಾಡಿದರೆ ಅದೇ ಇರಬಹುದು. ದೋಸೆಯೊಳಗಿನ ಪಲ್ಯದಲ್ಲಿ, ಮಂಡಕ್ಕಿ ಒಗ್ಗರಣೆಯಲ್ಲಿ ಈರುಳ್ಳಿ ಇರುತ್ತದೆ. ಹಸಿಯಾಗಲಿ ಬೆಂದದ್ದಾಗಲಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಬೆಳ್ಳುಳ್ಳಿಯೂ ಹಾಗೆಯೇ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೆ ವಿಷ, ಚಾಕೊಲೇಟ್ ಹೃದಯಕ್ಕೆ ವಿಷ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಸೀಳಿ ಕರುಳಿಗೆ ಚುಚ್ಚುತ್ತದೆ.

• ಹಾಗಾದರೆ ಏನು ಹಾಕಬೇಕು? ತೋಳಕ್ಕಿಂತ ನಾಯಿಗೆ ಪಿಷ್ಟ ಚೆನ್ನಾಗಿ ಜೀರ್ಣವಾಗುತ್ತದೆ. ನಮ್ಮ ಜೋಳದ ರೊಟ್ಟಿ, ರಾಗಿ ಮುದ್ದೆ, ಅನ್ನ, ಯಾವುದೂ ತಪ್ಪಲ್ಲ. ತಪ್ಪಿರುವುದು ಬರೀ ಹಾಲು–ಅನ್ನದಲ್ಲಿ ಮರಿಯನ್ನು ಬೆಳೆಸುವುದರಲ್ಲಿ. ಅದರಲ್ಲಿ ಸಸಾರಜನಕ ಸಾಲದು, ಮರಿ ಸೊರಗುತ್ತದೆ. ದೊಡ್ಡ ನಾಯಿಗಂತೂ ಹಾಲು ಕುಡಿಸಿದರೆ ಹಲವು ಸಲ ಭೇದಿ. ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿದ ಮೂಳೆಯಿಲ್ಲದ ಕೋಳಿ, ಬೇಯಿಸಿದ ಮೊಟ್ಟೆ, ಕುಂಬಳ, ಗಜ್ಜರಿ, ಸ್ವಲ್ಪ ಮೊಸರು ಒಳ್ಳೆಯದು. ಬರೀ ಮಾಂಸ ಹಾಕಿದರೂ ಸುಣ್ಣದಂಶ ಕಡಿಮೆಯಾಗಿ ಮರಿಯ ಕಾಲು ಸೊಟ್ಟಗಾಗುತ್ತದೆ. ಬೆಳೆಯುವ ಮರಿಗೆ ಒಳ್ಳೆಯ ಪಪ್ಪಿ ಫುಡ್ಡೇ ಸುಲಭ. ಎರಡು ತಿಂಗಳ ಮರಿಗೆ ದಿನಕ್ಕೆ ನಾಲ್ಕು ಸಲ, ವರ್ಷ ತುಂಬಿದ್ದಕ್ಕೆ ಎರಡು ಸಲ ಹಾಕಿ. ಅಳತೆ ನಿಮ್ಮ ಕೈಯಲ್ಲೇ ಇದೆ: ಮೈ ಸವರಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು, ಕಣ್ಣಿಗೆ ಎದ್ದು ಕಾಣಬಾರದು. ನಮ್ಮೂರಿನ ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚಿನವಕ್ಕೆ ಪಕ್ಕೆಲುಬು ಹುಡುಕಿದರೂ ಸಿಗುವುದಿಲ್ಲ, ನೋಡಿದರೆ ಸಂಕಟವಾಗುತ್ತದೆ.

• ಮೆಕ್ಕೆಜೋಳ ರಾಶಿ ಮಾಡುವ ಜಿಲ್ಲೆ ನಮ್ಮದು. ಬೂಷ್ಟು ಹಿಡಿದ ಜೋಳವನ್ನು ದನಕ್ಕೆ ಬೇಡ, ನಾಯಿಗೆ ನುಚ್ಚು ಮಾಡಿ ಹಾಕೋಣ ಅನ್ನಬೇಡಿ. ಆ ಬೂಷ್ಟಿನ ವಿಷಕ್ಕೆ ನಾಯಿಯ ಯಕೃತ್ತು ತಡೆಯುವುದಿಲ್ಲ.

• ಭದ್ರಾ ನಾಲೆಯ ಗದ್ದೆ, ಅಕ್ಕಿ ಗಿರಣಿ ಇದ್ದಲ್ಲೆಲ್ಲ ಇಲಿ ಇರುತ್ತವೆ. ಇಲಿ ಮೂತ್ರ ಬೆರೆತ ನಿಂತ ನೀರಿನಿಂದ ನಾಯಿಗೆ ಇಲಿಜ್ವರ ತಗಲುತ್ತದೆ. ಕಣ್ಣು, ವಸಡು ಹಳದಿಯಾಗುತ್ತವೆ. ಆ ನಾಯಿಯ ಮೂತ್ರದಿಂದ ನಮಗೂ ಬರುತ್ತದೆ. ವರ್ಷದ ಲಸಿಕೆಯಲ್ಲಿ ಇಲಿಜ್ವರದ್ದೂ ಸೇರಿದೆಯೇ ಅಂತ ಕೇಳಿ ಹಾಕಿಸಿ. ಇಲಿ ಪಾಷಾಣ ತಿಂದಿದೆ ಅನ್ನುವ ಅನುಮಾನ ಬಂದರೆ ಅದರ ಪೊಟ್ಟಣವನ್ನೂ ತೆಗೆದುಕೊಂಡೇ ಪಶು ಆಸ್ಪತ್ರೆಗೆ ಓಡಿ. ಯಾವ ವಿಷ ಅಂತ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

• ಉಣ್ಣೆ ಸಣ್ಣ ವಿಷಯವಲ್ಲ. ದಿನಾ ಸಂಜೆ ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಕೊರಳಪಟ್ಟಿಯ ಕೆಳಗೆ, ಬಾಲದ ಬುಡದಲ್ಲಿ ಕೈಯಾಡಿಸಿ. ಸಿಕ್ಕಿದ್ದನ್ನು ಚಿಮಟದಲ್ಲಿ ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಿರಿ. ಬೆರಳಲ್ಲಿ ಹೊಸಕಬೇಡಿ, ಸೀಮೆಎಣ್ಣೆ ಹಚ್ಚಬೇಡಿ. ಉಣ್ಣೆ ಮೊಟ್ಟೆ ಇಡುವುದು ನಾಯಿಯ ಮೈಮೇಲಲ್ಲ, ಗೋಡೆಯ ಬಿರುಕಿನಲ್ಲಿ. ಒಂದು ಹೆಣ್ಣು ಸಾವಿರಗಟ್ಟಲೆ ಇಡುತ್ತದೆ. ಹಾಗಾಗಿ ನಾಯಿಗೆ ಮಾತ್ರ ಔಷಧಿ ಹಾಕಿ ಸುಮ್ಮನಾದರೆ ಹದಿನೈದು ದಿನಕ್ಕೆ ಮತ್ತೆ ಹತ್ತುತ್ತವೆ. ನಾಯಿ ಮಂಕಾಗಿ, ಊಟ ಬಿಟ್ಟು, ಜ್ವರ ಬಂದು, ವಸಡು ಬಿಳಿಚಿಕೊಂಡರೆ, ಮೂಗಿನಲ್ಲಿ ರಕ್ತ ಬಂದರೆ ಉಣ್ಣೆ ಜ್ವರದ ಅನುಮಾನ ಇಟ್ಟುಕೊಂಡು ರಕ್ತ ಪರೀಕ್ಷೆ ಮಾಡಿಸಿ. ಬೇಗ ಹಿಡಿದರೆ ಗುಣವಾಗುತ್ತದೆ.

• ಮಾರ್ಚ್‌ನಿಂದ ಮೇವರೆಗೆ ನಮ್ಮ ಬಿಸಿಲಲ್ಲಿ ಹಸ್ಕಿ, ಸೇಂಟ್ ಬರ್ನಾರ್ಡ್ ಸಾಕುವುದು ಆ ಪ್ರಾಣಿಗೆ ಹಿಂಸೆ. ಯಾವ ತಳಿಯಾದರೂ ಬೆಳಗ್ಗೆ ಏಳರೊಳಗೆ ತಿರುಗಾಡಿಸಿ. ಸಿಮೆಂಟ್ ರಸ್ತೆಗೆ ಅಂಗೈ ಹಿಂಭಾಗ ಒತ್ತಿ ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ನಾಯಿಯ ಮೈ ಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. 104 ದಾಟಿ, ಜೊಲ್ಲು ಸುರಿಸಿ, ತೂರಾಡಿದರೆ ಮೊದಲು ಮೈತುಂಬ ತಣ್ಣೀರು ಹುಯ್ದು ಫ್ಯಾನ್ ಹಾಕಿ, ಆಮೇಲೆ ಗಾಡಿ ಹತ್ತಿಸಿ.

• ಮನೆಯಲ್ಲಿರುವ ಪ್ಯಾರಾಸಿಟಮಾಲ್, ಬ್ರೂಫೆನ್ ಕೊಡಬೇಡಿ. ಯಾವ ಕಾರಣಕ್ಕೂ ಬೇಡ.

• ಮರಿಗೆ ಆರರಿಂದ ಎಂಟನೇ ವಾರದಲ್ಲಿ ಲಸಿಕೆ ಶುರು ಮಾಡಿ, ಮೂರು–ನಾಲ್ಕು ವಾರಕ್ಕೊಮ್ಮೆಯಂತೆ ಹದಿನಾರನೇ ವಾರದವರೆಗೆ ಹಾಕಿಸಿ. ಒಂದೇ ಹಾಕಿಸಿ ನಿಲ್ಲಿಸಿದ ಮನೆಗಳಲ್ಲಿ ಪಾರ್ವೊ ಬಂದು, ರಕ್ತಭೇದಿಯಾಗಿ ಎರಡು ಮೂರು ದಿನದಲ್ಲಿ ಮರಿ ಹೋಗುತ್ತದೆ. ಜಂತಿನ ಔಷಧಿ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ.

• ಹೆಣ್ಣು ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಹಿಂಜರಿಯಬೇಡಿ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ಬಿಂದಿಗೆಗಟ್ಟಲೆ ನೀರು ಕುಡಿದು, ಮಂಕಾಗಿ, ಹಿಂದಿನಿಂದ ಕೀವು ಸೋರಿದರೆ ಗರ್ಭಕೋಶದಲ್ಲಿ ಕೀವು ತುಂಬಿದೆ ಅಂತಲೇ ತಿಳಿಯಿರಿ. ಆ ದಿನವೇ ವೈದ್ಯರಿಗೆ ತೋರಿಸಿ.

• ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಪ್ರತಿ ವರ್ಷ. ಸಾಕಿದ್ದೋ ಬೀದಿಯದೋ, ದೊಡ್ಡದೋ ಮರಿಯೋ, ಯಾವ ನಾಯಿ ಕಚ್ಚಿದರೂ ಪರಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಮೆತ್ತಬೇಡಿ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುವ ಕಾಲ ಎಂದೋ ಹೋಯಿತು. ದಾವಣಗೆರೆಯ ಚಿಗಟೇರಿ ಆಸ್ಪತ್ರೆಯಲ್ಲೋ ಹರಿಹರದ ಸರ್ಕಾರಿ ಆಸ್ಪತ್ರೆಯಲ್ಲೋ ಅಂದೇ ಶುರು ಮಾಡಿ. ಚರ್ಮಕ್ಕೆ ಕೊಡುವ ಲಸಿಕೆಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತ ಹಾಕುವ ಸೀರಂ ಕೂಡ ಬೇಕಾಗುತ್ತದೆ, ಕೇಳಿ ಹಾಕಿಸಿಕೊಳ್ಳಿ. ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟುಕೊಳ್ಳುವುದು ಸರಿ. ಆದರೆ ಆ ಹತ್ತು ದಿನ ಮುಗಿಯಲಿ ಅಂತ ಲಸಿಕೆ ಮುಂದೂಡಬೇಡಿ, ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ.