ಅಂಗಳದ ಕುರ್ಚಿಗೂ ಮಳೆಗಾಲವುಂಟು

ಅಂಗಡಿಯ ತಂಪಿನಲ್ಲಿ ಕುಳಿತು ನೋಡಿದರೆ ಎಲ್ಲ ಸೋಫಾಗಳೂ ಚಂದವೇ. ಅದೇ ಸೋಫಾ ಮಂಗಳೂರಿನ ಅಂಗಳದಲ್ಲಿ ಒಂದು ಮಳೆಗಾಲ ಕಳೆಯಲಿ, ಬಂಡವಾಳ ಬಯಲಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಬೀಳುವ ಮಳೆ ಸುಮಾರು 3,000 ಮಿ.ಮೀ.; ಜತೆಗೆ ಕಡಲಿನ ಉಪ್ಪುಗಾಳಿ.

ಹಾಗಾಗಿ ಮೊದಲು ಊರಿನ ಹವೆ ನೋಡಬೇಕು, ಬಣ್ಣ ಆಮೇಲೆ. ಕರಾವಳಿಯವರಿಗೆ ಕಬ್ಬಿಣ ಬೇಡ. ಬಣ್ಣದ ಪದರ ಒಂದೆಡೆ ಕಿತ್ತರೂ ಸಾಕು, ತುಕ್ಕು ಒಳಗೊಳಗೇ ಹಬ್ಬುತ್ತದೆ. ಅಲ್ಯೂಮಿನಿಯಂ ಹಗುರ, ತುಕ್ಕಿನ ಕಾಟವೂ ಇಲ್ಲ. ಸ್ಟೀಲ್ ಬೇಕೇ ಬೇಕೆನ್ನುವವರು 304ರ ಬದಲು 316 ದರ್ಜೆಯದನ್ನು ಕೇಳುವುದು ಲೇಸು. ಅದರಲ್ಲಿರುವ ಮಾಲಿಬ್ಡಿನಮ್ ಉಪ್ಪಿನ ಹೊಡೆತವನ್ನು ಹೆಚ್ಚು ತಡೆಯುತ್ತದೆ.

ಮರಗಳಲ್ಲಿ ತೇಗವೇ ರಾಜ. ಒಳಗಿನ ಸಹಜ ಎಣ್ಣೆ ನೀರನ್ನೂ ಗೆದ್ದಲನ್ನೂ ದೂರವಿಡುತ್ತದೆ. ಬಿಸಿಲಿಗೆ ಬೂದುಬಣ್ಣಕ್ಕೆ ತಿರುಗಿದರೆ ಗಾಬರಿ ಬೇಡ, ಮಾಸುವುದು ಮೇಲ್ಮೈ ಮಾತ್ರ. ಆದರೆ ಕೊಳ್ಳುವಾಗ ಚೇಗಿನ ಭಾಗವೇ ಎಂದು ಖಚಿತಪಡಿಸಿಕೊಳ್ಳಬೇಕು. ಹೊರಗಿನ ಬಿಳಿ ಭಾಗಕ್ಕೆ ಆ ಗಟ್ಟಿತನವಿಲ್ಲ.

ಬೆತ್ತದ ಕುರ್ಚಿ? ಸೂರಿನಡಿಯ ಜಗಲಿಗೆ ಸೈ, ತೆರೆದ ತಾರಸಿಗೆ ಅಲ್ಲ.

ಕಲಬುರಗಿಯ ಕತೆಯೇ ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಆ ಬಿಸಿಲಲ್ಲಿ ಲೋಹದ ಕುರ್ಚಿ ಕಾದ ಹೆಂಚು. ಅಗ್ಗದ ಪ್ಲಾಸ್ಟಿಕ್ ಸೆಡೆತು ಬಿರಿಯುತ್ತದೆ. ಅಲ್ಲಿ ಕಾಸು ಮೊದಲು ನೆರಳಿಗೆ ಹೋಗಲಿ, ಆಮೇಲೆ ಕುರ್ಚಿಗೆ.

ಇನ್ನು ಬೆಂಗಳೂರಿನ ಫ್ಲ್ಯಾಟ್‌ನವರು ಟೇಪು ಹಿಡಿದು ಬಾಲ್ಕನಿಯನ್ನಷ್ಟೇ ಅಲ್ಲ, ಅದರ ಬಾಗಿಲಿನ ಅಗಲವನ್ನೂ ಅಳೆಯಬೇಕು. ಲಿಫ್ಟ್‌ಗೆ ಹಿಡಿಸದ ಸೋಫಾಗೆ ಹಗ್ಗ ಕಟ್ಟಿ ಮೂರನೇ ಮಹಡಿಗೆ ಎಳೆಯುವ ದೃಶ್ಯ ಅಲ್ಲಿ ಅಪರೂಪವೇನಲ್ಲ.