ಕಟ್ಟಿಗೆ ಲಾರಿ ಏರುವ ಮುನ್ನ

ಸಿಂಧನೂರು ಕಡೆ ಲಾರಿ ಎಂದರೆ ಭತ್ತ, ಅಕ್ಕಿ. ಮಸ್ಕಿ ದಾಟಿ ಲಿಂಗಸುಗೂರಿನ ಒಣಭೂಮಿ ಕಡೆ ಹೋದರೆ ಜಾಲಿ ಕಟ್ಟಿಗೆ, ಬೇವಿನ ದಿಮ್ಮಿಯ ಹೇರು ಕಣ್ಣಿಗೆ ಬೀಳುತ್ತದೆ. ಭತ್ತದ ಚೀಲ ಇಟ್ಟಲ್ಲಿ ಕೂರುತ್ತದೆ, ಕಟ್ಟಿಗೆ ಕೂರುವುದಿಲ್ಲ. ದಾರಿಯುದ್ದಕ್ಕೂ ಕುಸಿಯುತ್ತ, ಜಾರುತ್ತ ಇರುತ್ತದೆ. ಹೊಸದಾಗಿ ಈ ಕೆಲಸಕ್ಕೆ ಸೇರುವವರು ಮೊದಲು ತಿಳಿಯಬೇಕಾದದ್ದು ಇದನ್ನೇ.

ಲೈಸೆನ್ಸ್ ವಿಷಯ ಬೇಗ ಮುಗಿಸೋಣ. ವಯಸ್ಸು 20 ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷವಾಗಿರಬೇಕು. ಆಮೇಲೆ ಭಾರಿ ವಾಹನದ ತರಬೇತಿ, ವೈದ್ಯರ ಪ್ರಮಾಣಪತ್ರ, ಪರೀಕ್ಷೆ. ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮ 2019ರಲ್ಲೇ ಹೋಗಿದೆ. ಸಾರಿಗೆ ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು.

ಮಾಲೀಕರ ಜೊತೆ ಸಂಬಳ, ಬತ್ತಾ ಮಾತಾಡುವಾಗ ಇನ್ನೊಂದನ್ನೂ ಕೇಳಿ: ಹೆಚ್ಚು ಹೇರಿ ಸಿಕ್ಕಿಬಿದ್ದರೆ ದಂಡ ಯಾರದು? ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಅದು 20 ಸಾವಿರ ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2 ಸಾವಿರ. ಹೊಸ ಹುಡುಗನ ಸಂಬಳಕ್ಕೆ ಇದು ದೊಡ್ಡ ಹೊಡೆತ. ಉತ್ತರವನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ, ಸಂಕೋಚ ಬೇಡ.

ಆರ್‌ಸಿ, ಎಫ್‌ಸಿ, ಇನ್ಶೂರೆನ್ಸ್, ಪರ್ಮಿಟ್ ಗಾಡಿಯಲ್ಲಿವೆಯೇ ನೋಡಿ. ಜೊತೆಗೆ ಮರ ಯಾವುದೆಂದು ವಿಚಾರಿಸಿ. ಕೆಲವು ಜಾತಿಯ ಮರ ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕು, ಕೆಲವಕ್ಕೆ ವಿನಾಯಿತಿ ಇದೆ. ಬರೀ ಬಾಯಿಮಾತು ನಂಬದೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಕೇಳಿ. ರಹದಾರಿ ಇದ್ದರೆ ಗಾಡಿ ನಂಬರ್, ತುಂಡುಗಳ ಲೆಕ್ಕ, ದಿನಾಂಕ ತಾಳೆಯಾಗಬೇಕು. ಅಕ್ರಮ ಸರಕು ಸಿಕ್ಕರೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಗಾಡಿಯನ್ನೂ ಜಪ್ತಿ ಮಾಡಬಹುದು.

ಹೇರುವಾಗ ಚಹಾ ಅಂಗಡಿಯಲ್ಲಿ ಕೂರಬೇಡಿ. ಹಮಾಲರು ಹೇರಿ ಹೋಗುತ್ತಾರೆ, ಆಮೇಲೆ ಆ ಹೊರೆ ನಿಮ್ಮದು. ದಪ್ಪ ದಿಮ್ಮಿ ತಳಕ್ಕೆ, ಸಣ್ಣವು ಮೇಲಕ್ಕೆ, ಎಲ್ಲವೂ ಉದ್ದುದ್ದಕ್ಕೆ. ಎರಡೂ ಬದಿಯ ಭಾರ ಸಮನಾಗಿರಲಿ. ಜಾಲಿ ಸೊಟ್ಟ ಕಟ್ಟಿಗೆ, ನಡುವೆ ಸಂದು ಉಳಿಯುತ್ತದೆ, ಗಾಡಿ ಕುಲುಕಿದಾಗ ಆ ಸಂದು ಮುಚ್ಚಿ ಹಗ್ಗ ಸಡಿಲಾಗುತ್ತದೆ. ಆದ್ದರಿಂದ ಹೊರಟು ನಾಲ್ಕೈದು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯಬೇಕು. ಸಿಂಧನೂರಿನಿಂದ ಹೊರಟವರು ಮಸ್ಕಿಯಲ್ಲಿ ಇನ್ನೊಮ್ಮೆ ಇಳಿದು ನೋಡಲಿ. ದಪ್ಪ ದಿಮ್ಮಿಗೆ ಹಗ್ಗ ಸಾಲದು, ಸರಪಳಿಯೇ ಬೇಕು. ತುದಿಗಳು ಬಾಡಿಯಿಂದ ಹೊರಚಾಚಬಾರದು. ಹಿಂದೆ ಬರುವ ಬೈಕಿನವನಿಗೆ ಕತ್ತಲಲ್ಲಿ ಅವು ಕಾಣುವುದೇ ಇಲ್ಲ.

ಹಸಿ ಮರದಲ್ಲಿ ನೀರಿನ ತೂಕವೇ ಬಹಳ, ಕಣ್ಣಂದಾಜು ಮೋಸ ಮಾಡುತ್ತದೆ. ವೇ ಬ್ರಿಡ್ಜ್‌ಗೆ ಹತ್ತಿಸಿಯೇ ಹೊರಡಿ. 2018ರ ಪರಿಷ್ಕರಣೆಯಂತೆ ಆರು ಚಕ್ರದ ಲಾರಿಗೆ ಗಾಡಿ ಸೇರಿ 18.5 ಟನ್, ಹತ್ತು ಚಕ್ರದ್ದಕ್ಕೆ 28.5 ಟನ್ ಗರಿಷ್ಠ ಮಿತಿ. ಆದರೂ ನಿಮ್ಮ ಆರ್‌ಸಿಯಲ್ಲಿ ಬರೆದದ್ದೇ ಅಂತಿಮ.

ಇನ್ನು ದಾರಿ. ಕಾಲುವೆ ದಂಡೆಯ ರಸ್ತೆಗಳಲ್ಲಿ ಎರೆಮಣ್ಣಿನ ಅಂಚು ಮಳೆಗೆ ಮೆತ್ತಗಾಗುತ್ತದೆ. ಎದುರು ಗಾಡಿಗೆ ದಾರಿ ಬಿಡಲು ಎಡಚಕ್ರ ಕೆಳಗಿಳಿಸಿದರೆ ಎತ್ತರದ ಹೇರು ಅತ್ತಲೇ ವಾಲುತ್ತದೆ. ಅಗಲವಾದ ಜಾಗದಲ್ಲಿ ಮೊದಲೇ ನಿಂತು ಅವರನ್ನು ಹೋಗಲು ಬಿಡಿ. ಸುಗ್ಗಿಯಲ್ಲಿ ಕೆಂಪು ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್‌ಗಳು, ಭತ್ತ ಕಟಾವಿನ ಯಂತ್ರಗಳು ರಾತ್ರಿ ಹೆದ್ದಾರಿಗೆ ಬರುತ್ತವೆ. ಮೊದಲ ತಿಂಗಳು ರಾತ್ರಿ ಓಡಿಸುವುದಿಲ್ಲ ಎಂದು ಮಾಲೀಕರಿಗೆ ನೇರವಾಗಿ ಹೇಳಿ. 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಎನ್ನುತ್ತಿತ್ತು. ನಿದ್ದೆ ಕೇಳುವುದು ನಿಮ್ಮ ಹಕ್ಕು.

ಇಳಿಸುವ ಜಾಗ ಸಮತಟ್ಟಾಗಿರಲಿ. ಸರಪಳಿ ಬಿಚ್ಚುವ ಮೊದಲು ಸುತ್ತ ಒಂದು ಬಾರಿ ನಡೆದು ಯಾವ ದಿಮ್ಮಿ ಹೊರಕ್ಕೆ ಒರಗಿದೆ ನೋಡಿ. ಆ ಬದಿಯಲ್ಲಿ ಕ್ಲೀನರ್ ಹುಡುಗನೂ ಸೇರಿ ಯಾರೂ ಇರಬಾರದು. ಎದುರು ಬದಿಯಿಂದ, ಕ್ಯಾಬಿನ್ ಮರೆಯಲ್ಲಿ ನಿಂತು ಬಿಚ್ಚಿ.